ಅಕ್ಕನ ಮಗಳ ಅಪೀಲು

ಜನವರಿ 12, 2006. ತೆರಕಣಾಂಬಿ

ರಾಗಿ ಬೀಸಿಸಿಕೊಂಡು ಬಂದೆ. ಬಾಗಿಲಲ್ಲಿ ಪೋಸ್ಟಿನವರು. ಕುಟುಂಬ ಪಿಂಚಣಿ ಅರ್ಜಿ ತಿರಸ್ಕೃತ. ದಿವಂಗತ ಹವಾಲ್ದಾರ್ ನೀಲಕಂಠಸ್ವಾಮಿಯವರ ದಾಖಲೆಯಲ್ಲಿ ರಮ್ಯ ಎಂಬಾಕೆ ನೀಸ್, ಅಕ್ಕನ ಮಗಳು. ಹೆಂಡತಿಯಲ್ಲ. ನೀಸ್ ಅಂತೆ... ನಾಟ್ ನೈಸ್, ಮಾವ!

ತಪ್ಪು ನಿಮ್ಮದೇ. ಸೈನ್ಯ ಸೇರಿದಾಗ ಅಕ್ಕನ ಮಗಳೆಂದು ನನ್ನ ಹೆಸರು ಬರೆಸಿದಿರಿ. ಆಮೇಲೆ ನನ್ನನ್ನೇ ಕಟ್ಟಿಕೊಂಡಿರಿ. ಮದುವೆ ವಿಷಯ ತಿಳಿಸಿ ಅಂದರೆ, "ಹೆಸ್ರು ಆಗ್ಲೇ ಅದಲ್ಲಮ್ಮಿ, ಬುಡು" ಅಂದಿರಿ. ಬಿಟ್ಟೆ.

ಇನ್ನು ನನ್ನ ಟೈಪಿಂಗ್ ಸಂಬಳದಲ್ಲೇ ಮಗಳು, ಅವ್ವ, ನಾನು. ತೆರಕಣಾಂಬಿಯ ನಿರವಲಂಬಿ. ಅದಿರಲಿ — ಹೆಂಡತಿಯಲ್ಲವಂತೆ. ಅದೇ ಚುಚ್ಚುತ್ತಿದೆ.

ಜನವರಿ 20

ಗುಂಡ್ಲುಪೇಟೆಗೆ ಹೋಗಿದ್ದೆ. ರಜಾಕಣ್ಣ ಮಾವನ ಜೊತೆಗೇ ಮಿಲಿಟರಿ ಲಾರಿ ಓಡಿಸಿದವರು. ಕಾಗದ ಓದಿ ನಕ್ಕರು.

"ನಮ್ಮಲ್ಲಿ ಅಕ್ಕನ ಮಗಳು ಅಂದ್ರೆ ಮಗಳೇ ಕಣಮ್ಮ. ನಿಮ್ ಮದ್ವೇಲಿ ಉಣ್ತಾ ಕೂತಿದ್ರೂ ನಂಗೆ ನಂಬ್ಕೆ ಬರ್ನಿಲ್ಲ. ಆ ಸಾಹೇಬ್ರಿಗೆ ಹೆಂಗ್ ಬಂದಾತು?"

ನಗುನಗುತ್ತಲೇ ಅಪೀಲನ್ನು ಹಿಂದಿಯಲ್ಲಿ ಬರೆದುಕೊಟ್ಟರು. ಅವರ ಹೆಂಡತಿ ಫಖ್ರುನ್ನೀಸಾ ಸಿಹಿ ಶ್ಯಾವಿಗೆ ತಿನ್ನಿಸದೆ ಕಳಿಸಲಿಲ್ಲ.

ಮಾರ್ಚ್ 3. ಚಾಮರಾಜನಗರ, ಬಸ್ ನಿಲ್ದಾಣ

ಪಿಂಚಣಿ ಅದಾಲತ್ತು ಮುಗಿಯಿತು. ಅಧಿಕಾರಿ ಪಂಜಾಬಿನವರು. ರಜಾಕಣ್ಣ ನಮ್ಮ ಪದ್ಧತಿ ವಿವರಿಸಿದಷ್ಟೂ ಅವರ ಹುಬ್ಬು ಮೇಲೇರಿತು. ಹುಡುಗಿಯ ತಾಯಿ ಇದಕ್ಕೆ ಒಪ್ಪಿದ್ದರೇ, ಅಂತ ಕೇಳಿದರು. ಅವ್ವ — ಅಂದರೆ ಮಾವನ ಸ್ವಂತ ಅಕ್ಕ — ಎದ್ದು ನಿಂತಳು.

"ಒಪ್ಪದೇನ್ ಬಂತು ಸಾಮಿ? ತಮ್ಮ ಇದ್ಮ್ಯಾಲೆ ಮಗಳ್ನ ಇನ್ಯಾರ್ಗ್ ಕೊಡ್ಲಿ? ಬ್ಯಾರೆ ಎಣ್ಣು ತಂದಿದ್ರೆ ಅವ್ನ್ ಒಸ್ಲು ತುಳೀತಿರ್ನಿಲ್ಲ ನಾನು!"

ರಜಾಕಣ್ಣ ಒಂದಕ್ಷರ ಬಿಡದೆ ಹಿಂದಿಗಿಳಿಸಿದರು. ಅಧಿಕಾರಿ ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ರಜಾಕಣ್ಣನ ಸಾಕ್ಷಿ, ಮದುವೆ ಫೋಟೋ ಎರಡನ್ನೂ ಇಟ್ಟುಕೊಂಡರು. ಬಸ್ ಬರುವವರೆಗೂ ಅವ್ವ ಗೊಣಗುತ್ತಿದ್ದಳು: "ದೊಡ್ಡಾಫೀಸರ್ ಅಂತೆ, ನಂಟಸ್ತಿಕೆ ಗೊತ್ತಿಲ್ಲ."

ಜೂನ್ 9

ಅಪೀಲು ಮಂಜೂರು. ರಮ್ಯ, ಹೆಂಡತಿ.

ಗಟ್ಟಿಯಾಗಿ ಓದಿದೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಫೋನಿನಲ್ಲಿ ರಜಾಕಣ್ಣ "ಅಲ್ಲಾ..." ಅಂದರು. ಯಾರ್ಯಾರಿಗೆ ಕೈ ಮುಗಿಯಲಿ? ಅವರಿಗೆ, ಅವ್ವನ ಬಾಯಿಗೆ, ಆ ಪಂಜಾಬಿ ನಗುವಿಗೆ...

ಹೆಂಡತಿ ಅಂತ ಒಪ್ಪಿಸುವ ಗಡಿಬಿಡಿಯಲ್ಲಿ ಇಷ್ಟು ದಿನ ಅಳುವುದನ್ನೇ ಮುಂದೂಡಿದ್ದೆ, ಮಾವ. ಇವತ್ತು ಸರ್ಕಾರವೇ ಹೇಳಿದೆ, ನಾನು ನಿಮ್ಮ —