ನೀರು ಇಳಿದಾಗ ಮುಚ್ಚಿರುವ ಶಾಲೆ

ಮಾನ್ಯರೇ,

ಒಂದು ಮಾತನ್ನು ಬರೆಯದೇ ಬಿಡುವವಳಿದ್ದೆ, ಅದನ್ನೇ ಮೊದಲು ಹೇಳಿಬಿಡುತ್ತೇನೆ: ನನಗೆ ಸಿಟ್ಟು ಬಂದಿಲ್ಲ. ಬಹಿರಂಗ ಪತ್ರ ಬರೆಯುವವರಿಗೆ ಸಿಟ್ಟಿರಬೇಕು ಎಂಬುದು ಗೊತ್ತು. ಬರಲಿ ಎಂದು ಕೆಲವು ದಿನ ಕಾದೆ. ಕಾಲೇಜಿಗೆ ಹೋಗಿಬಂದೆ, ಅನ್ನ ಮಾಡಿದೆ, ಬಟ್ಟೆ ಒಣಹಾಕಿದೆ. ಬರಲಿಲ್ಲ. ಆದ್ದರಿಂದ ಇದ್ದ ಹಾಗೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಮಿರ್ಜಾನದ ಆಚೆ, ಅಘನಾಶಿನಿಯ ನಡುವೆ, ನಾಲ್ಕೂ ಕಡೆ ನೀರಿರುವ ಒಂದು ಸಣ್ಣ ಕುರ್ವೆ ಇದೆ. ಅಲ್ಲಿಯ ಕನ್ನಡ ಪ್ರಾಥಮಿಕ ಶಾಲೆಯನ್ನು ಬರುವ ಶೈಕ್ಷಣಿಕ ವರ್ಷದಿಂದ ದಂಡೆಯ ಮೇಲಿನ ಶಾಲೆಯಲ್ಲಿ ವಿಲೀನ ಮಾಡಲು ನಿಮ್ಮ ಶಿಕ್ಷಣಾಧಿಕಾರಿ ಕಚೇರಿ ಹೊರಟಿದೆ. ಕೊಟ್ಟಿರುವ ಕಾರಣ, ‘ಶಾಲಾ ಸಮಯದಲ್ಲಿ ಶಾಲೆ ಮುಚ್ಚಿರುತ್ತದೆ.’ ನಿಜ, ಮುಚ್ಚಿರುತ್ತದೆ. ಏಕೆ ಎಂದು ತಪಾಸಣೆಗೆ ಬಂದವರಿಗೆ ಹೇಳಿಯೂ ಆಗಿತ್ತು. ಅವರು ಅದನ್ನು ಬರೆದುಕೊಳ್ಳಲಿಲ್ಲ.

ಕುರ್ವೆಯ ಶಾಲೆ ನೀರು ನೋಡಿಕೊಂಡು ನಡೆಯುತ್ತದೆ. ಇಳಿತದ ಹೊತ್ತಿನಲ್ಲಿ ನದಿಯ ಅಂಚೆಲ್ಲ ಕೆಸರು. ದೋಣಿ ಕದಲುವುದಿಲ್ಲ. ದಂಡೆಯಿಂದ ಬರಬೇಕಾದ ಶಿಕ್ಷಕಿ ದಂಡೆಯಲ್ಲೇ ಉಳಿಯುತ್ತಾರೆ. ಅದೇ ಹೊತ್ತಿಗೆ ಕುರ್ವೆಯ ಹೆಂಗಸರು ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಕೆಸರಿಗಿಳಿಯುತ್ತಾರೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮಕ್ಕಳು ಅವರ ಹಿಂದೆಯೇ ಹೋಗುತ್ತಾರೆ. ಭರತ ಬಂದು ನೀರು ಏರಿದರೆ ಎಲ್ಲರೂ ಮೇಲೆ ಬರುತ್ತಾರೆ, ದೋಣಿ ತೇಲುತ್ತದೆ, ಶಿಕ್ಷಕಿ ಬರುತ್ತಾರೆ, ಶಾಲೆ ಶುರುವಾಗುತ್ತದೆ. ಭರತ ದಿನವೂ ಒಂದೇ ಹೊತ್ತಿಗೆ ಬರುವುದಿಲ್ಲ, ಹಾಗಾಗಿ ಶಾಲೆಯೂ ಕೆಲವು ದಿನ ಬೆಳಿಗ್ಗೆ, ಕೆಲವು ದಿನ ಊಟದ ಮೇಲೆ. ನನ್ನ ಅಪ್ಪ ಅಲ್ಲಿ ಮಾಸ್ತರರಾಗಿದ್ದಾಗಲೂ ಹೀಗೇ ಇತ್ತು. ಪಾಠ ಕಡಿಮೆಯಾಗಲಿಲ್ಲ. ನೀರು ಚೆನ್ನಾಗಿದ್ದರೆ ಆದಿತ್ಯವಾರವೂ ಅಪ್ಪ ದೋಣಿ ಹತ್ತಿಬಿಡುತ್ತಿದ್ದರು.

ಜನವರಿಯಲ್ಲಿ ನಿಮ್ಮ ಕಚೇರಿಯಿಂದ ಒಬ್ಬರು ತಪಾಸಣೆಗೆ ಬಂದರು. ಬೆಳಗಿನ ಹೊತ್ತು, ನೀರು ಇಳಿದಿತ್ತು. ಈಗಿನ ಶಿಕ್ಷಕಿ ಸುಪ್ರಿಯಾ ಚೀಲ ಮಡಿಲಲ್ಲಿಟ್ಟುಕೊಂಡು ದಂಡೆಯ ಮೇಲೆ ಕೂತಿದ್ದಳು. ಮುಂದಿನದನ್ನು ನನಗೆ ಹೇಳಿದ್ದು ಅವಳೇ.

ದೋಣಿಯ ಬೀರಪ್ಪ ಎದ್ದು ನಿಂತು, "ಎಂತಾ ಸಾಯಬ್ರೆ, ಈಗ ಬಂದ್ರಲ್ಲ! ನೀರೇ ಇಲ್ಲ. ಈಗೆಲ್ಲಿ ಶಾಲೆ?" ಎಂದನಂತೆ.

"ಈಗ ಶಾಲೆ ಇಲ್ಲವೇ?"

"ಈಗಿಲ್ಲ. ಮಧ್ಯಾಹ್ನದ ಮೇಲೆ ಬನ್ನಿ, ನಾನೇ ದಾಟಿಸ್ತೆ. ನಮ್ಮದೆಲ್ಲಾ ನೀರು ನೋಡ್ಕಂಡೇಯ. ನಮ್ಮ ಅಜ್ಜನ ಕಾಲದಿಂದ್ಲೂ ಹಾಂಗೇಯ."

"ಯಾವಾಗಲೂ ಹೀಗೆಯೇ?"

"ಯಾವಾಗ್ಲೂ!"

ಆಮೇಲೆ ಬೀರಪ್ಪ ಎಳನೀರು ಕೆತ್ತಿ ಕೊಟ್ಟ. ಬಂದವರು ಕುಡಿದು, ಸಿಹಿಯಾಗಿದೆ ಎಂದು ಹೇಳಿ, ದಾಟದೆಯೇ ಹಿಂತಿರುಗಿದರು. ವರದಿಯಲ್ಲಿ ಹೀಗಿದೆ: ‘ಶಾಲೆ ಯಾವಾಗಲೂ ಮುಚ್ಚಿರುವುದನ್ನು ಸ್ಥಳೀಯರೇ ಒಪ್ಪಿಕೊಂಡಿರುತ್ತಾರೆ. ಶಿಕ್ಷಕಿ ನದಿಯ ದಂಡೆಯಲ್ಲಿ ಕಾಲಹರಣ ಮಾಡುತ್ತಿದ್ದರು.’ ಎಳನೀರಿನ ವಿಷಯ ಇಲ್ಲ. ಮಧ್ಯಾಹ್ನ ಬನ್ನಿ ಎಂದದ್ದೂ ಇಲ್ಲ. ನದಿ ಇದೆ, ಅದೂ ಶಿಕ್ಷಕಿ ಕೂತ ಜಾಗದ ಗುರುತಾಗಿ.

ಕುರ್ವೆಯವರ ತಪ್ಪು ಇದು, ಮಾನ್ಯರೇ. ಯಾರಾದರೂ ಅವರ ರೀತಿಯನ್ನು ಕೇಳಿದರೆ ಹೆಮ್ಮೆಯಿಂದ ಹೇಳಿಬಿಡುತ್ತಾರೆ. ವಿಚಾರಿಸುವುದಕ್ಕೂ ವಿಚಾರಣೆ ನಡೆಸುವುದಕ್ಕೂ ಇರುವ ಅಂತರ ಅವರಿಗೆ ತಿಳಿಯಲಿಲ್ಲ. ನನಗಾದರೆ ತಿಳಿಯುತ್ತಿತ್ತು. ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು.

ಕುಮಟಾದ ಮನೆಯಿಂದ ಹೋಗಿಬಂದು ಭಟ್ಕಳದ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಬ್ರಿಟಿಷರು ನಮ್ಮ ಶಿಕ್ಷಣವನ್ನು ಹೇಗೆ ಬದಲಿಸಿದರು ಎಂಬ ಪ್ರಶ್ನೆ ಪ್ರತಿ ವರ್ಷ ಯಾವುದಾದರೊಂದು ತರಗತಿಯಲ್ಲಿ ಬರುತ್ತದೆ. ಗುಮಾಸ್ತರನ್ನು ತಯಾರಿಸಲು ಇಂಗ್ಲಿಷ್ ತಂದರು ಎಂದು ವಿದ್ಯಾರ್ಥಿಗಳು ಉತ್ತರ ಬರೆಯುತ್ತಾರೆ, ನಾನು ಅಂಕ ಹಾಕುತ್ತೇನೆ. ಆದರೆ ಕುರ್ವೆಗೆ ಇಂಗ್ಲಿಷ್ ಬಂದೇ ಇರಲಿಲ್ಲ. ಅಲ್ಲಿಗೆ ಬಂದದ್ದು ಗಂಟೆ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಸರಕಾರದ ಶಾಲೆಗಳ ಜೊತೆಗೇ ಹಾಜರಿ, ತರಗತಿ, ಪರೀಕ್ಷೆ, ವರ್ಷಕ್ಕೊಮ್ಮೆ ಬಂದು ಮಕ್ಕಳ ತಲೆ ಎಣಿಸುವ ಅಧಿಕಾರಿ ಎಲ್ಲ ಬಂದವು. ಎಷ್ಟೋ ಶಾಲೆಗಳಿಗೆ ಸರಕಾರದ ಅನುದಾನ ಸಿಗುತ್ತಿದ್ದದ್ದು ಆ ಎಣಿಕೆ ಮತ್ತು ಪರೀಕ್ಷೆಯ ಮೇಲೆಯೇ. ಅಧಿಕಾರಿಯ ಕಣ್ಣಿಗೆ ಬಿದ್ದದ್ದು ಶಾಲೆ, ಬೀಳದ್ದು ಶಾಲೆಯಲ್ಲ. ಆ ಸರಕಾರ ಹೋಯಿತು. ಆ ಕಣ್ಣು ಹೋದಂತಿಲ್ಲ.

ಹಾಗಾದರೆ ಅದಕ್ಕೂ ಮೊದಲಿನದು ಚೆನ್ನಾಗಿತ್ತೇ? ಹೌದು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಮೊದಲು ಯಾರದೋ ಜಗಲಿಯ ಮೇಲೆ ಒಬ್ಬರು ಕೂತು, ಮರಳಿನಲ್ಲಿ ಅಕ್ಷರ ತಿದ್ದಿಸಿ, ಲೆಕ್ಕ ಹೇಳಿಕೊಡುತ್ತಿದ್ದರು. ಹೊತ್ತು ಅವರವರ ಅನುಕೂಲಕ್ಕೆ. ಆದರೆ ಆ ಜಗಲಿಯನ್ನು ಯಾರ ಮಕ್ಕಳು ಹತ್ತಬಹುದಿತ್ತು? ಬಳಚು ಹೆಕ್ಕುವವರ ಮಕ್ಕಳಂತೂ ಅಲ್ಲ. ಹೆಣ್ಣುಮಕ್ಕಳಂತೂ ಅಲ್ಲ. ಎಲ್ಲರಿಗೂ ಎಂದು ಕಾಗದದ ಮೇಲಾದರೂ ಬರೆದದ್ದು ಆ ಪರಕೀಯರ ಸರಕಾರ. ನಾನು ಮೇಷ್ಟರ ಮಗಳಾಗಿ, ಆಮೇಲೆ ನಾನೇ ಮೇಷ್ಟರಾಗಿ ಉಂಡ ಅನ್ನದಲ್ಲಿ ಆ ಬರಹದ ಪಾಲು ಇದೆ. ಬಾಗಿಲು ತೆರೆದವರೇ ಅದಕ್ಕೆ ಹೊತ್ತನ್ನೂ ಗೊತ್ತುಮಾಡಿದರು. ಎರಡನ್ನೂ ಬೇರೆ ಮಾಡಬಹುದಿತ್ತು ಎಂದು ಇಷ್ಟು ವರ್ಷ ನಮಗೇಕೆ ಹೊಳೆಯಲಿಲ್ಲ ಎಂಬುದು ನನ್ನ ಪ್ರಶ್ನೆ. ನಿಮ್ಮನ್ನೊಬ್ಬರನ್ನೇ ಕೇಳುತ್ತಿಲ್ಲ.

ರಜೆಯನ್ನೇ ನೋಡಿ. ಏಪ್ರಿಲ್‌ನಲ್ಲಿ ನದಿ ತಣ್ಣಗೆ ಮಲಗಿರುತ್ತದೆ, ಮಗುವೂ ದೋಣಿ ಹಾಕಬಹುದು. ಆಗ ಶಾಲೆಗೆ ರಜೆ. ಜೂನ್‌ನಲ್ಲಿ ಕೆಂಪು ನೀರು ಮರಗಳನ್ನೇ ಹೊತ್ತು ತರುತ್ತದೆ. ಆಗ ಶಾಲೆ ಪ್ರಾರಂಭೋತ್ಸವ, ಬಾಗಿಲಿಗೆ ಮಾವಿನೆಲೆಯ ತೋರಣ. ಬೇಸಿಗೆ ಯಾರಿಗೆ ಸಹಿಸಲಾಗದೆ ಈ ಲೆಕ್ಕ ಹಾಕಿದರೋ ತಿಳಿಯದು. ನಮ್ಮ ನದಿಯನ್ನಂತೂ ಕೇಳಿರಲಾರರು. ವಿಲೀನವಾದ ಮೇಲೆ ಆ ಕೆಂಪು ನೀರನ್ನು ದಾಟಬೇಕಾದವರು ಆರು ವರ್ಷದ ಮಕ್ಕಳು. ಬೆಳಿಗ್ಗೆ ಇಳಿತವಿರುವ ದಿನ ಅವರು ದಾಟಲಾರರು, ಆಗ ಅವರ ಹೆಸರಿನ ಮುಂದೆ ‘ಗೈರುಹಾಜರು’ ಎಂದು ಬೀಳುತ್ತದೆ. ನಾಲ್ಕಾರು ತಿಂಗಳು ಹೀಗೆ ಬಿದ್ದ ಮೇಲೆ ಅವರನ್ನು ಶಾಲೆ ಬಿಟ್ಟ ಮಕ್ಕಳು ಎನ್ನುತ್ತೀರಿ. ಶಾಲೆ ಅವರನ್ನು ಬಿಟ್ಟಿತು ಎಂದು ಬರೆಯಲು ನಿಮ್ಮಲ್ಲಿ ಜಾಗ ಇದೆಯೇ?

ಅಪ್ಪನ ಕಾಲದಲ್ಲಿ ಈ ಶಾಲೆ ಹೇಗೆ ಉಳಿಯಿತು ಎಂದು ನೀವು ಕೇಳಬಹುದು. ಸುಳ್ಳಿನಿಂದ ಉಳಿಯಿತು. ತಪಾಸಣೆ ಬರುತ್ತದೆ ಎಂದು ಮುಂಚೆಯೇ ಗೊತ್ತಾಗುತ್ತಿತ್ತು. ಹಿಂದಿನ ದಿನವೇ ಅಪ್ಪ ದಾಟಿ ಕುರ್ವೆಯಲ್ಲಿ ಉಳಿಯುತ್ತಿದ್ದರು, ಮರುದಿನ ಹೆಂಗಸರಾರೂ ಕೆಸರಿಗೆ ಇಳಿಯುತ್ತಿರಲಿಲ್ಲ, ಮಕ್ಕಳು ತಲೆಗೆ ಎಣ್ಣೆ ಹಚ್ಚಿಕೊಂಡು ಗಂಟೆಗೆ ಸರಿಯಾಗಿ ಸಾಲಾಗಿ ಕೂರುತ್ತಿದ್ದರು. ನೀರೇರಿದ ಮೇಲೆ ದಾಟಿ ಬಂದ ಅಧಿಕಾರಿಗಳು ಗಂಟೆಗೆ ಸರಿಯಾಗಿ ತೆಗೆದ ಹಾಜರಿ ನೋಡಿ ಸಂತೋಷಪಟ್ಟು ಹೋಗುತ್ತಿದ್ದರು. ಹೀಗೆ ಅಪ್ಪ ಇಡೀ ಸೇವೆಯಲ್ಲಿ ನಿಮ್ಮ ಹಿಂದಿನವರಿಗೆ ಸುಳ್ಳು ತೋರಿಸಿದರು, ಶಾಲೆ ಉಳಿಯಿತು. ಬೀರಪ್ಪ ಒಂದು ಸಲ ನಿಜ ಹೇಳಿದ, ಶಾಲೆ ಹೋಗುತ್ತಿದೆ.

ಇನ್ನೂ ಒಂದು ಇದೆ. ಅಪ್ಪ ನನ್ನನ್ನು ಆ ಶಾಲೆಗೆ ಸೇರಿಸಲಿಲ್ಲ. ಹೊನ್ನಾವರದಲ್ಲಿ ಅತ್ತೆಯ ಮನೆಯಲ್ಲಿಟ್ಟು ಇಂಗ್ಲಿಷ್ ಮಾಧ್ಯಮದಲ್ಲಿ ಓದಿಸಿದರು. ಏಕೆ ಎಂದು ಕೇಳಿದ್ದೆ. "ನಿನಗಾದ್ರೂ ಸರಿಯಾದ ಶಾಲೆ ಇರ್ಲಿ ಮಗಾ. ನಮ್ಮದೊಂದು ಶಾಲೆಯಾ?" ಎಂದಿದ್ದರು. ಇಷ್ಟು ಮಕ್ಕಳಿಗೆ ಓದು ಬರಹ ಕಲಿಸಿದ ಮನುಷ್ಯನಿಗೆ ತನ್ನದು ಶಾಲೆಯೇ ಅಲ್ಲ ಅನ್ನಿಸಿತ್ತು. ಬ್ರಿಟಿಷರು ಏನು ಬದಲಿಸಿದರು ಎಂಬ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಅಷ್ಟೇ. ಅದನ್ನು ಯಾವ ವಿದ್ಯಾರ್ಥಿಯೂ ಬರೆಯುವುದಿಲ್ಲ, ನಾನೂ ಕಲಿಸಿಲ್ಲ.

ವಿಲೀನದ ಸುದ್ದಿ ಬಂದ ವಾರ ಸುಪ್ರಿಯಾಳ ಜೊತೆ ಕುರ್ವೆಗೆ ಹೋಗಿದ್ದೆ. ಬೀರಪ್ಪನೇ ಹುಟ್ಟು ಹಾಕಿದ. ಇಳಿಯುವಾಗ, "ನಾ ಬಾಯಿ ಮುಚ್ಕಂಡಿದ್ರೆ ಆತಿತ್ತು," ಎಂದ. ಬಳಚು ತೊಳೆಯುತ್ತಿದ್ದ ಮಾಸ್ತಮ್ಮನ ಇಬ್ಬರು ಮಕ್ಕಳು ಆ ಶಾಲೆಯಲ್ಲಿದ್ದಾರೆ. ಅವಳು ಬೀರಪ್ಪನನ್ನು ಸುಮ್ಮನಿರಿಸಿ ನನ್ನ ಕಡೆ ತಿರುಗಿದಳು.

"ನೀವು ಕಲ್ತವ್ರು ಅಲ್ದಾ ಅಕ್ಕೋರೆ? ನದಿಗೊಂದು ನೋಟೀಸು ಕೊಡ್ಸಿ ಕಾಂಬ. ಬೆಳಗಿಗೆ ನೀರು ಇಳಿಯೂಕಾಗ ಅಂತ."

ಸುಪ್ರಿಯಾ ನಕ್ಕಳು. ಮಾಸ್ತಮ್ಮ ನಗಲಿಲ್ಲ. "ನನ್ನ ದೊಡ್ಡ ಮಗಳು ಓದ್ತದೆ. ಪುಸ್ತಕ ನೋಡ್ದೇ ಹೇಳ್ತದೆ," ಎಂದಳು. "ಆಚೆ ದಂಡೆಗೆ ನಾ ಕಳಸೂದಿಲ್ಲ. ಮಳೆಗಾಲದಾಗೆ ಆ ನೀರಾಗೆ? ಮನೆಲೇ ಇರ್ಲಿ, ಬಳಚು ಹೆಕ್ಕೂಕೆ ಬರ್ಲಿ. ಆತು, ಮುಗೀತು."

ನಿಮ್ಮ ವಿಲೀನದ ಅರ್ಥ ಇಷ್ಟೇ, ಮಾನ್ಯರೇ. ಆ ಹುಡುಗಿ ಓದುವುದು ಈ ಜೂನ್‌ಗೆ ನಿಲ್ಲುತ್ತದೆ.

ನೀವು ಅಹವಾಲು ಕೇಳುವುದಾಗಿ ತಿಳಿಸಿದ್ದೀರಿ, ಅದಕ್ಕೆ ಕೃತಜ್ಞತೆಗಳು. ಮೇ 21ರ ಬೆಳಿಗ್ಗೆ ಹತ್ತೂವರೆಗೆ, ನಿಮ್ಮ ಕಚೇರಿಯಲ್ಲಿ. ಯಾರೂ ಹಾಜರಾಗದಿದ್ದರೆ ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗುವುದು ಎಂದೂ ತಿಳಿಸಿದ್ದೀರಿ. ಆ ದಿನ ಆ ಹೊತ್ತಿಗೆ ಅಘನಾಶಿನಿಯ ನೀರು ಇಳಿದಿರುತ್ತದೆ. ದೋಣಿ ಕೆಸರಿನಲ್ಲಿರುತ್ತದೆ. ಕುರ್ವೆಯಿಂದ ಒಬ್ಬರೂ ಬರಲಾರರು. ಹಿಂದಿನ ದಿನವೇ ದಾಟಿ ಬನ್ನಿ ಎಂದು ಅವರಿಗೆ ನಾನು ಹೇಳಬಹುದು. ಹೇಳುವುದಿಲ್ಲ. ಆ ಉಪಾಯವನ್ನು ಅಪ್ಪ ಸಾಕಷ್ಟು ಮಾಡಿದ್ದಾರೆ.

ನನ್ನ ಬೇಡಿಕೆ ಇದು. ಅಹವಾಲು ಸಭೆಯನ್ನು ಅದೇ ದಿನ ಮಧ್ಯಾಹ್ನದ ಮೇಲಕ್ಕೆ, ಕುರ್ವೆಯ ಶಾಲೆಗೆ ಬದಲಿಸಿ. ಬೀರಪ್ಪ ನಿಮ್ಮನ್ನು ದಾಟಿಸುತ್ತಾನೆ. ರಜೆಯಿದ್ದರೂ ಅಂದು ಶಾಲೆ ತೆರೆದಿರುತ್ತದೆ. ನೋಡಿ, ಆಮೇಲೆ ಆ ಶಾಲೆಯ ಸಮಯ ನೀರಿನ ಸಮಯ ಎಂದು ಒಂದು ಸಾಲಿನ ಆದೇಶ ಬರೆಯಿರಿ. ಬರಲಾಗದಿದ್ದರೆ ಬಾರದಿರಿ. ಆದರೆ ಹತ್ತೂವರೆಗೆ ಖಾಲಿಯಿರುವ ಆ ಕುರ್ಚಿಗಳನ್ನು ನೋಡಿ ‘ಆಕ್ಷೇಪಣೆ ಇಲ್ಲ’ ಎಂದು ಮಾತ್ರ ಬರೆಯಬೇಡಿ. ‘ನೀರು ಇರಲಿಲ್ಲ’ ಎಂದು ಬರೆಯಿರಿ.

ಇಂತಿ,
ಕುರ್ವೆಯ ಮಾಸ್ತರರ ಮಗಳು, ಎಂದೂ ತಡವಾಗಿ ಶಾಲೆಗೆ ಹೋಗದ
ಮಾಲಿನಿ, ಕುಮಟಾ

ಅಂಚೆಗೆ ಹಾಕುವುದು: ಮೇ 12, ಅಂಚೆ ಕಚೇರಿ ತೆರೆಯುವ ಹೊತ್ತಿಗೆ.