ಪೂಜೆಗಿಟ್ಟ ಶೇರು

1956 ನವೆಂಬರ್ 1, ಗುರುವಾರ

ಬೆಳಿಗ್ಗೆ ಅಂಗಡಿ ತೆರೆದು, ಕಸ ಹೊಡೆಸಿ, ದುಡ್ಡಿನ ಗಲ್ಲೆಗೆ ಕೂತೆ. ಇಂದಿನಿಂದ ಶಿರಸಿ ಮುಂಬಯಿ ರಾಜ್ಯದ್ದಲ್ಲ, ಮೈಸೂರಿನದಂತೆ. ಬೋರ್ಡಿನ ಮೇಲಿನ ವಿಳಾಸ ಬದಲಿಸಬೇಕು. ಪೇಂಟರನಿಗೆ ಕೊಡುವ ದುಡ್ಡು ದಂಡ!

ಸಿದ್ದಾಪುರ ಕಡೆಯಿಂದ ಹೇರೂರಿನ ವಿಘ್ನೇಶ್ವರ ಭಟ್ಟರು ಬಂದು ನೀರೆತ್ತುವ ಇಂಜಿನ್ ಒಂದನ್ನು ಒಯ್ದರು. ‘ತ್ರಿಮೂರ್ತಿ’ ಕಂಪನಿಯದೇ ಬೇಕು ಅಂದರು. ಎಲ್ಲರಿಗೂ ಅದೇ ಬೇಕು. ಅದನ್ನು ನೋಡಿಯೇ ಬೇಸಿಗೆಯಲ್ಲಿ ಆ ಕಂಪನಿಯ ನೂರು ಶೇರು ಕೊಂಡದ್ದು. ಬನವಾಸಿ ಗದ್ದೆ ಮಾರಿದಾಗ ನನ್ನ ಪಾಲಿಗೆ ಬಂದ ಮೂರು ಸಾವಿರ, ಪೂರ್ತಿ ಅದಕ್ಕೇ. ಹದಿನೈದು ಇಪ್ಪತ್ತು ವರ್ಷ ಮುಟ್ಟಬಾರದು ಅಂತ ನಿಶ್ಚಯ.

ತಮ್ಮ ವೀರಪ್ಪನಿಗೆ ಹೊಟ್ಟೆಯಲ್ಲಿ ಬೆಂಕಿ. ಮಧ್ಯಾಹ್ನ ಊಟಕ್ಕೆ ಕೂತಾಗ ಮತ್ತೆ ಶುರು—

“ಅಣ್ಣಾ, ಯಲ್ಲಾಪುರದಾಗ ಹಳೇ ಲಾರಿ ಒಂದು ಮಾರಾಕ ಬಂದೈತಿ. ಆ ಕಾಗದ ಮಾರಿಬಿಡು. ಲಾರಿ ಕಣ್ಣಿಗಾದರೂ ಕಾಣತೈತಿ.”

ಅವ್ವನ ಕಿವಿಯಲ್ಲೂ ಊದಿದ್ದಾನೆ. ಅವ್ವ ಹೂಂ ಅಂದರೆ ಮುಗಿಯಿತು, ಈ ಮನೆಯಲ್ಲಿ ನಮ್ಮವ್ವ ಮುರಿಗೆವ್ವನ ಮಾತು ಮೀರಿದವರಿಲ್ಲ. ಏನಾದರೂ ಮಾಡಬೇಕು...

ನವೆಂಬರ್ 2, ಶುಕ್ರವಾರ. ದೀಪಾವಳಿ

ಮಾಡಿದೆ!

ಲಕ್ಷ್ಮಿಯ ಮುಂದಿಟ್ಟು ಕುಂಕುಮ ಹಚ್ಚಿದ ದುಡ್ಡನ್ನು ನಮ್ಮ ಮನೆಯಲ್ಲಿ ಖರ್ಚು ಮಾಡುವುದಿಲ್ಲ. ಅಜ್ಜನ ಕಾಲದ ಬೆಳ್ಳಿ ರೂಪಾಯಿ ಇನ್ನೂ ಪೆಟ್ಟಿಗೆಯಲ್ಲಿ ಕಪ್ಪಾಗುತ್ತಿವೆ. ಪೆಟ್ಟಿಗೆಯ ಕೀಲಿ ಅವ್ವನ ಸೊಂಟದಲ್ಲಿ. ಸಂಜೆ ಪೂಜೆಗೆ ಎಲ್ಲರೂ ಕೂತಾಗ ಶೇರಿನ ಲಕೋಟೆ ತಂದು ಹರಿವಾಣದಲ್ಲಿ ಇಟ್ಟೆ.

“ಇದೇನೋ ಮಧೂ?” ಅಂದಳು ಅವ್ವ.

“ಇದೂ ಲಕ್ಷ್ಮೀನ ಅವ್ವಾ.”

ನನ್ನ ಹೆಂಡತಿ ಪಾರ್ವತಿ ಕುಂಕುಮ ಹಚ್ಚಿದಳು. ಅವ್ವ ಕೈಮುಗಿದು ಪೆಟ್ಟಿಗೆಗೆ ಹಾಕಿ ಕೀಲಿ ತಿರುವಿದಳು. ವೀರಪ್ಪನ ಮುಖ ನೋಡಬೇಕಿತ್ತು! ಬೇವಿನ ಸೊಪ್ಪು ತಿಂದವನ ಹಾಗೆ. ಇನ್ನು ಯಾವ ಮಗನೂ ಮಾರು ಅನ್ನುವ ಹಾಗಿಲ್ಲ.

ಮಲಗುವಾಗ ಪಾರ್ವತಿ ನಕ್ಕಳು. “ಭಾರಿ ಶಾಣ್ಯಾ ಅದೀರಿ ಬಿಡ್ರಿ.” ಗೊತ್ತಾಗಿದೆ ಅವಳಿಗೆ. ಗೊತ್ತಾಗಲಿ.

1958 ಆಗಸ್ಟ್ 9

ಡಿವಿಡೆಂಡ್ ಬಂತು, ಕಂಪನಿಯ ಲಾಭದಲ್ಲಿ ನನ್ನ ಪಾಲು. ಡಿವಿಡೆಂಡ್ ಖರ್ಚು ಮಾಡಬಹುದು, ಅದಕ್ಕೆ ಕುಂಕುಮವಿಲ್ಲ. ಅವ್ವನಿಗೆ ಇಳಕಲ್ ಸೀರೆ. ಪಾರ್ವತಿ ಏನೂ ಬೇಡ ಅಂದಳು. ಮುಂಬಯಿ ಪೇಪರು ಮೂರು ದಿನ ತಡವಾಗಿ ಬರುತ್ತದೆ. ಬಂದ ಕೂಡಲೇ ನಾನು ಶೇರು ರೇಟಿನ ಕೊನೆಯ ಪುಟ ತೆಗೆಯುವುದನ್ನು ನೋಡಿ ಅವಳಿಗೆ ಚೇಷ್ಟೆ—

“ನನ್ನ ಸವತಿ ಹ್ಯಾಂಗದಾಳ್ರಿ ಇವತ್ತ?”

“ಮೂವತ್ತೆಂಟು.”

“ನನಗಿಂತ ಎಂಟು ವರ್ಷ ದೊಡ್ಡಾಕಿ ಆದಳು!”

1960 ಜೂನ್ 21

ಬೋನಸ್ ಶೇರು! ಒಂದಕ್ಕೆ ಒಂದು, ಪುಕ್ಕಟೆ. ನೂರು ಇದ್ದದ್ದು ಇನ್ನೂರಾಯಿತು. ರೇಟು ಅರ್ಧಕ್ಕೆ ಇಳಿದಿದೆ, ಇಳಿಯಲಿ, ಮತ್ತೆ ಏರುತ್ತದೆ. ಅಂಗಡಿಯಲ್ಲಿ ಎಲ್ಲರಿಗೂ ಪೇಢೆ ಹಂಚಿದೆ. ವೀರಪ್ಪ ಸಾಲ ಮಾಡಿ ಆ ಹಳೇ ಲಾರಿ ಕೊಂಡಿದ್ದ. ಯಲ್ಲಾಪುರ ಘಟ್ಟದಲ್ಲಿ ಅದರ ಆಕ್ಸಲ್ ಮುರಿದಿದೆ. ಪೇಢೆ ತಿನ್ನಲು ಬರಲಿಲ್ಲ.

1962 ನವೆಂಬರ್ 20, ಮಂಗಳವಾರ

ಚೀನಾದವರು ಇಳಿದು ಬರುತ್ತಲೇ ಇದ್ದಾರೆ. ಅಂಗಡಿಯಲ್ಲಿ ರೇಡಿಯೋ ಮುಂದೆ ಸಂತೆಯ ಜನ. ವ್ಯಾಪಾರ ಸೊನ್ನೆ. ತ್ರಿಮೂರ್ತಿ ಅರವತ್ನಾಲ್ಕರಿಂದ ನಲವತ್ತೊಂದು. ಹೆದರಿದೆ, ಸುಳ್ಳು ಯಾಕೆ ಬರೆಯಲಿ.

ಭಟ್ಟರೂ ನನ್ನ ಮಾತು ಕೇಳಿ ಇಪ್ಪತ್ತೈದು ಶೇರು ಕೊಂಡಿದ್ದರು. ಇಂದು ಬಂದು, “ಆನು ಮಾರಿಬಿಟ್ಟೆ ಸಾವ್ಕಾರ್ರೆ. ನಿಮ್ಮದು ಎಂತ ಮಾಡ್ತ್ರಿ?” ಅಂದರು.

“ಪೂಜೆಗಿಟ್ಟದ್ದು. ಮಾರೋ ಹಾಗಿಲ್ಲ,” ಅಂದೆ.

ವೀರಪ್ಪ ಮನೆಯಲ್ಲಿ ಕುಣಿದಾಡಿದ. ಅವನಿಗೂ ಅದೇ ಉತ್ತರ. ಪಾರ್ವತಿ ತನ್ನ ಕೈಯ ಚಿನ್ನದ ಬಿಲ್ವಾರ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟು ಬಂದಳು, ನನ್ನನ್ನು ಕೇಳಲೂ ಇಲ್ಲ.

ನವೆಂಬರ್ 22

ಯುದ್ಧ ನಿಂತಿತು. ಭಟ್ಟರ ಮುಖ ನೆನೆದು ನಗು ಬರುತ್ತಿದೆ. ಮಾರದೆ ಕೂತವನೇ ಗಂಡಸು.

1964 ಜನವರಿ 30

ತ್ರಿಮೂರ್ತಿ ಎಪ್ಪತ್ತಾರು. ಪಾರ್ವತಿ ಬಾವಿಯಿಂದ ಕೊಡ ತರುವಾಗ ಕಟ್ಟೆಯ ಮೇಲೆ ಕೂತುಬಿಟ್ಟಳು. ಉಸಿರು ಹತ್ತುತ್ತದಂತೆ. ಅವ್ವ ಕಷಾಯ ಮಾಡಿಕೊಟ್ಟಳು.

ಜೂನ್ 12, ಶುಕ್ರವಾರ. ಹುಬ್ಬಳ್ಳಿಯಿಂದ ಬಂದು

ಹೃದಯದ ಕವಾಟ ಮುಚ್ಚಿಕೊಳ್ಳುತ್ತಿದೆ ಅಂದರು ಹುಬ್ಬಳ್ಳಿ ಡಾಕ್ಟರು. ಸಣ್ಣವಳಿದ್ದಾಗ ಕೀಲುನೋವಿನ ಜ್ವರ ಬಂದಿತ್ತಲ್ಲ, ಅದರದಂತೆ. ಮದರಾಸಿನ ಕಡೆ ಆಪರೇಶನ್ ಮಾಡುತ್ತಾರೆ. ಹೋಗಿ ಬರುವುದು, ಇರುವುದು, ಎಲ್ಲ ಸೇರಿ ನಾಲ್ಕು ಸಾವಿರ ಇಟ್ಟುಕೊಳ್ಳಿ ಅಂದರು.

“ತಡ ಮಾಡಬೇಡಿ.”

“ತಡ ಅಂದರೆ ಎಷ್ಟು ಡಾಕ್ಟರೇ?”

ಸಿಟ್ಟಿನಿಂದ ನೋಡಿದರು. ಕೇಳಿದ್ದರಲ್ಲಿ ಏನು ತಪ್ಪು? ವ್ಯಾಪಾರಸ್ಥ, ಕೇಳಿಯೇ ಕೇಳುತ್ತೇನೆ.

ಬಸ್ಸಿನಲ್ಲಿ ಬರುವಾಗ ಅವಳು ನನ್ನ ಹೆಗಲಿಗೆ ತಲೆ ಇಟ್ಟು ಮಲಗಿದ್ದಳು. ಎದುರಿಗೆ ಜನ, ಆದರೂ ಸರಿಸಲಿಲ್ಲ. ಹೆದರಿಕೆಯಾಗುತ್ತಿದೆ. ಈ ಮನೆಯಲ್ಲಿ ನನಗೆ ಬೇರೆ ಯಾರಿದ್ದಾರೆ?

ಜೂನ್ 14

ಅಂಗಡಿಯಲ್ಲಿ ನಗದಿಲ್ಲ. ಎಲ್ಲ ಇಂಜಿನ್‌ಗಳಲ್ಲಿ ಕೂತಿದೆ. ಐವತ್ತು ಶೇರು ಮಾರಿದರೆ ಸಾಕು. ಮಾರುವುದೇ. ಮುಂಬಯಿಯ ಶೇರು ದಲಾಲಿಗೆ ಬರೆಯಬೇಕು, ನಾಳೆ.

ಜೂನ್ 17

ಪೇಪರಿನಲ್ಲಿ ಸುದ್ದಿ. ತ್ರಿಮೂರ್ತಿ ಮತ್ತೆ ಬೋನಸ್ ಕೊಡುತ್ತದೆ! ಒಂದಕ್ಕೆ ಒಂದು. ಜುಲೈ 31ಕ್ಕೆ ಪುಸ್ತಕ ಮುಚ್ಚುತ್ತಾರೆ. ಆ ದಿನ ಕಂಪನಿಯ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರಿಗೆ. ಈಗ ಐವತ್ತು ಮಾರಿದರೆ ಮಾರಿದ್ದು ಐವತ್ತಲ್ಲ, ನೂರು.

ಆರು ವಾರ. ಆರು ವಾರದಲ್ಲಿ ಏನಾಗುತ್ತದೆ? ಗುಳಿಗೆ ಕೊಟ್ಟಿದ್ದಾರಲ್ಲ. ದಲಾಲಿಗೆ ಬರೆಯಲಿಲ್ಲ.

ಜೂನ್ 25

ಅವ್ವ ಅಂಗಡಿಗೇ ಬಂದಳು. ಅವಳು ಅಂಗಡಿ ಮೆಟ್ಟಿಲು ಹತ್ತಿದ್ದು ಅಪ್ಪ ತೀರಿಕೊಂಡ ಮೇಲೆ ಇದೇ ಮೊದಲು. ಸೆರಗಿನೊಳಗಿಂದ ಶೇರಿನ ಲಕೋಟೆ ತೆಗೆದು ಗಲ್ಲೆಯ ಮೇಲಿಟ್ಟಳು.

“ತಗೋ. ಮಾರು.”

ನನಗೆ ಬಾಯಿಗೆ ಬಂದದ್ದು ಅದೇ. “ಪೂಜೆಗಿಟ್ಟದ್ದು ಅವ್ವಾ. ಹ್ಯಾಂಗ ಮಾರೂದು?”

“ಪೂಜಿಗಿಟ್ಟಾಕಿ ನಾನು. ಕೊಡಾಕಿನೂ ನಾನ. ಮನಿ ಲಕ್ಷ್ಮಿ ಅಲ್ಲಿ ಏದುಸಿರು ಬಿಡಾಕತ್ತಾಳ, ನೀ ಕಾಗದಕ್ಕ ಕೈ ಮುಗೀತಿ ಏನಲೇ?”

ಎದುರಿಗೆ ಗಿರಾಕಿಗಳು. ಮರ್ಯಾದೆ ಹೋಯಿತು. “ಆಗಲಿ, ಬರೀತೀನಿ,” ಅಂದೆ. ಲಕೋಟೆಯನ್ನು ಅಂಗಡಿಯ ತಿಜೋರಿಯಲ್ಲಿ ಇಟ್ಟಿದ್ದೇನೆ.

ಜುಲೈ 19

ಮಳೆಗೆ ಘಟ್ಟದ ದಾರಿ ಕೆಟ್ಟಿದೆ. ಈ ಸ್ಥಿತಿಯಲ್ಲಿ ಅವಳನ್ನು ಕರೆದುಕೊಂಡು ಹೋಗುವುದು ಹೇಗೆ? ಹೋಗಬೇಕೆಂದರೂ ಆಗದು. ಇನ್ನು ಹನ್ನೆರಡೇ ದಿನ.

ಜುಲೈ 27

ಹಾಳಾದ ದಿಲ್ಲಿ! ಬೋನಸ್ಸಿಗೆ ಅಲ್ಲಿಂದ ಪರವಾನಗಿ ಬರಲಿಲ್ಲವಂತೆ. ಪುಸ್ತಕ ಮುಚ್ಚುವುದು ಸೆಪ್ಟೆಂಬರ್ 15ಕ್ಕೆ ಹೋಗಿದೆ. ಪೇಪರನ್ನು ಮುದ್ದೆ ಮಾಡಿ ಎಸೆದೆ. ಆಮೇಲೆ ಎತ್ತಿ ಬಿಡಿಸಿ ಮತ್ತೆ ಓದಿದೆ. ತ್ರಿಮೂರ್ತಿ ತೊಂಬತ್ತೆರಡು.

ಈಗಲೇ ಮಾರಿಬಿಡಲೇ? ಆರು ವಾರ ಕಾದದ್ದು ನೀರಿಗೆ ಹೋಯಿತು ಅಂತ ಆಗುತ್ತದೆ.

ಆಗಸ್ಟ್ 8

ಪಾರ್ವತಿ ಈಗ ಮಲಗುವುದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ. ಗೋಡೆಗೆ ಒರಗಿ ಕೂತೇ ಇರುತ್ತಾಳೆ. ಕಾಲು ಬಾತಿದೆ. ಊರಿನ ಡಾಕ್ಟರು ಬಂದು ಗುಳಿಗೆ ಹೆಚ್ಚಿಸಿದರು. ಯಾವಾಗ ಹೊರಡುತ್ತೀರಿ ಅಂತ ಕೇಳಿದರು. ಚೌತಿ ಆಗಲಿ ಅಂದೆ.

ಅವಳು ಕೇಳಿಸಿಕೊಂಡಳು. ಡಾಕ್ಟರು ಹೋದ ಮೇಲೆ—

“ಸವತಿಗೆ ಹೆರಿಗಿ ಎಂದಂತ್ರಿ?”

ಯಾರು ಹೇಳಿದರು ಇವಳಿಗೆ? ಪೇಪರು ಅವಳೂ ಓದುತ್ತಾಳೆ, ಮರೆತಿದ್ದೆ. ಸೆಪ್ಟೆಂಬರ್ ಹದಿನೈದು ಅಂದೆ. ಒಂದಕ್ಕೆ ಎರಡಾಗುತ್ತದೆ, ಐವತ್ತು ಮಾರುವ ಕಡೆ ನೂರು ಉಳಿಯುತ್ತದೆ, ಎಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದಳು.

“ಒಂದು ರೊಟ್ಟಿ ಮುರದು ಎರಡು ತುಂಡು ಮಾಡಿದರ ಹೊಟ್ಟಿ ಎರಡು ಪಟ್ಟು ತುಂಬತೈತೇನ್ರಿ?”

“ನಿನಗ ತಿಳಿಯೂದಿಲ್ಲ. ಮೊದಲ ಇಳಿತೈತಿ, ಆಮ್ಯಾಲ ಏರತೈತಿ. ಹತ್ತು ವರ್ಷದ ಮಾತು ಇದು.”

“ಹತ್ತು ವರ್ಷ,” ಅಂದಳು. ಸ್ವಲ್ಪ ಹೊತ್ತು ಉಸಿರಾಡಿದಳು. “ಮಕ್ಕಳಿಲ್ಲ, ಮರಿ ಇಲ್ಲ. ಯಾರ ಸಲುವಾಗಿ ಕೂಡಿಸಾಕತ್ತೀರಿ?”

ಸಿಟ್ಟು ಬಂತು. ಎದ್ದು ಅಂಗಡಿಗೆ ಬಂದೆ. ನಿನ್ನ ಸಲುವಾಗಿ ಅನ್ನಬೇಕಿತ್ತು. ಅದೇ ನಿಜ.

ಆಗಸ್ಟ್ 28

ವೀರಪ್ಪ ಬಂದ. ಕೂಡಲಿಲ್ಲ, ನಿಂತೇ ಮಾತಾಡಿದ.

“ಅಣ್ಣಾ, ಲಾರಿಗೆ ಗಿರಾಕಿ ಬಂದಾನ. ಸಾಲ ಹೋಗಿ ಮೂರೂವರಿ ಸಾವಿರ ಉಳೀತೈತಿ. ಅತ್ತಿಗೀನ ಕರಕೊಂಡು ಹೋಗೂಣು. ನಿನ್ನ ಕಾಗದ ನಿನಗ ಇರಲಿ.”

ಆ ಲಾರಿಯೇ ಅವನ ಅನ್ನ. ಹೂಂ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಇನ್ನೊಂದು ಯೋಚನೆ. ನಾಳೆ ಇಡೀ ಬಜಾರು ಏನನ್ನುತ್ತದೆ? ತಮ್ಮ ಲಾರಿ ಮಾರಿದ, ಅಣ್ಣ ಶೇರು ಅಪ್ಪಿಕೊಂಡು ಕೂತ.

“ನನ್ನ ಹೆಂಡತೀನ ನೋಡಿಕೊಳ್ಳೂದು ನನಗ ಗೊತ್ತೈತಿ. ನೀ ನಿನ್ನ ಕೆಲಸ ನೋಡು!”

ಜೋರಾಯಿತು ಧ್ವನಿ. ಅವನ ಕಣ್ಣು ತುಂಬಿತು. “ನೀ ಮೊದಲ ಹಿಂಗಿರಲಿಲ್ಲ ಅಣ್ಣಾ,” ಅಂದು ಹೋದ.

ಹದಿನೆಂಟು ದಿನ. ಹದಿನೆಂಟೇ ದಿನ ಎಲ್ಲರೂ ನನ್ನನ್ನು ಸುಮ್ಮನೆ ಬಿಡಬಾರದೆ?

ಸೆಪ್ಟೆಂಬರ್ 6

ನಿನ್ನೆ ತುಟಿ ನೀಲಿಯಾಗಿತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಒಂದು ತಾಸಿನ ಮೇಲೆ ಸುಧಾರಿಸಿದಳು. ಆ ಒಂದು ತಾಸು ದೇವರಿಗೆ ಹೇಳಿದೆ, ಇವಳು ಏಳಲಿ, ಎಲ್ಲಾ ಮಾರುತ್ತೇನೆ ಅಂತ. ಎದ್ದಳು.

ಇಂದು ದಲಾಲಿಗೆ ಕಾಗದ ಬರೆದೆ. ಐವತ್ತು ಶೇರು ಮಾರು, ಬಂದ ರೇಟಿಗೆ. ಸಹಿ ಹಾಕಿ ಲಕೋಟೆ ಅಂಟಿಸಿದೆ. ಪೋಸ್ಟಿನ ತನಕ ಹೋದೆ. ಇಂದು ಭಾನುವಾರ, ರಜಿಸ್ಟರ್ ಮಾಡುವುದಿಲ್ಲ.

ಸೆಪ್ಟೆಂಬರ್ 7

ಪೋಸ್ಟಿಗೆ ಹಾಕಲಿಲ್ಲ. ಕಾಗದ ಮುಂಬಯಿ ಮುಟ್ಟಲು ನಾಲ್ಕು ದಿನ, ಮಾರಲು ಎರಡು, ದುಡ್ಡು ಬರಲು ಒಂದು ವಾರ. ಈಗ ಹಾಕಿದರೂ ಹದಿನೈದು ದಾಟಿಯೇ ದುಡ್ಡು. ಹಾಗಿದ್ದ ಮೇಲೆ ಹದಿನೈದರ ನಂತರ ಹಾಕಿದರೇನು? ಒಂದು ವಾರದ ವ್ಯತ್ಯಾಸ. ಪಾರ್ವತಿ ಇಂದು ಚೆನ್ನಾಗಿದ್ದಾಳೆ. ಅರ್ಧ ರೊಟ್ಟಿ ತಿಂದಳು. ಚೆನ್ನಾಗಿಯೇ ಇದ್ದಾಳೆ.

ಸೆಪ್ಟೆಂಬರ್ 13

ಭಟ್ಟರ ಹತ್ತಿರ ಹೋಗಿ ನಾಲ್ಕು ಸಾವಿರ ಕೈಗಡ ಕೇಳಿದೆ, ಹದಿನೈದು ದಿನಕ್ಕೆ. ಇದನ್ನು ಜೂನ್‌ನಲ್ಲೇ ಕೇಳಬಹುದಿತ್ತು. ಆಗ ತಲೆಗೇ ಬರಲಿಲ್ಲವೋ, ಶೇರು ನಂಬಿದವನು ಕೈಚಾಚಿದ ಅನ್ನಿಸಿಕೊಳ್ಳಬಾರದು ಅಂತಲೋ... ಅವರು ಎದ್ದು ಒಳಗೆ ಹೋಗಿ ಎಣಿಸಿ ತಂದು ಕೊಟ್ಟರು.

“ಮೊದಲೇ ಹೇಳದಲ್ದ ಮಾರಾಯ್ರೆ? ಹೋಗ್ಬನ್ನಿ, ಬೇಗ ಹೋಗ್ಬನ್ನಿ.”

ಈಗ ಎಲ್ಲ ಸರಿಯಾಯಿತು. ಶೇರೂ ಉಳಿಯಿತು, ದುಡ್ಡೂ ಬಂತು. ಹದಿನಾರಕ್ಕೆ ಹುಬ್ಬಳ್ಳಿ, ಅಲ್ಲಿಂದ ರೈಲು. ವೀರಪ್ಪನಿಗೆ ಹೇಳಿ ಕಳಿಸಿದೆ, ಅವನೂ ಬರುತ್ತಾನೆ.

ಸೆಪ್ಟೆಂಬರ್ 15, ಮಂಗಳವಾರ. ಸಂಜೆ ಐದು

ಗಂಟು ಕಟ್ಟಿ ಆಯಿತು. ಮೂರು ಸೀರೆ, ಗುಳಿಗೆ, ಅವ್ವ ಮಾಡಿಕೊಟ್ಟ ಅವಲಕ್ಕಿ. ಸಂತೆಯ ದಿನವಾದರೂ ಅಂಗಡಿ ಬೇಗ ಮುಚ್ಚಿ ಬಂದೆ. ಪಾರ್ವತಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾಳೆ. ನಾನು ಬರುವಾಗ ಅವ್ವನ ಕೈಯಲ್ಲಿ ತಲೆ ಬಾಚಿಸಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ, “ಇವತ್ತ ಹದಿನೈದಲ್ಲೇನ್ರಿ?” ಅಂದಳು, ನಕ್ಕಳು ಕೂಡ. ನನಗೆ ಎಷ್ಟು ಸಮಾಧಾನವಾಯಿತು!

ಮುಂಬಯಿಯಲ್ಲಿ ಈ ಹೊತ್ತಿಗೆ ಪುಸ್ತಕ ಮುಚ್ಚಿರಬೇಕು. ಮುಚ್ಚಿತು. ಇನ್ನೂರು ಇದ್ದದ್ದು ನಾಲ್ಕುನೂರು. ಇನ್ನು ಯಾರೂ ಏನೂ ಮಾಡುವ ಹಾಗಿಲ್ಲ. ಮೂರು ಸಾವಿರ ಹಾಕಿದ್ದು, ಎಂಟು ವರ್ಷ ಎಲ್ಲರ ಬೈಗುಳ ತಿಂದು ಕೂತದ್ದು. ಇವಳು ಗುಣವಾಗಿ ಬಂದ ಮೇಲೆ ಬಿಲ್ವಾರ ಮಾಡಿಸುತ್ತೇನೆ, ಬೇಡ ಅಂದರೂ.

ಒಳಕೋಣೆಯಿಂದಲೇ ಕೂಗಿ ಹೇಳಿದೆ ಪಡಸಾಲೆಗೆ. “ಕೇಳೇ, ಅವಳಿ ಜವಳಿ ಆತು ನಿನ್ನ ಸವತಿಗೆ!”

ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ದಣಿದಿದ್ದಾಳೆ, ಕಣ್ಣು ಹತ್ತಿರಬೇಕು.

ಅವ್ವ ಕೂಗುತ್ತಿದ್ದಾಳೆ, ಮಧೂ, ಮಧೂ ಅಂತ. ಬಾಚಣಿಗೆ ಬಿದ್ದ ಸದ್ದು. ಬಂದೆ ಅವ್ವಾ. ಈ ಒಂದು ಸಾಲು. ನಾಲ್ಕುನೂರು ಶೇರು, ಒಂದಕ್ಕೆ ಐವತ್ತು ಅಂತ ಹಿಡಿದರೂ—