ತೆಳು ಪುಸ್ತಕವೋ, ದಪ್ಪ ಪುಸ್ತಕವೋ

ಸಫ್ರಾ,
ಮಾರ್ಚ್ ೯, ೨೦೧೭

ಪ್ರೀತಿಯ ರೆಮೆ,

ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ಚಳಿಗಾಲದಲ್ಲಿ ನಿನ್ನನ್ನು ಕಾಡುತ್ತಿದ್ದ ಒಣಕೆಮ್ಮು ಈ ವರ್ಷವೂ ಬಂತೇ? ಲುಬಿಯಾನ್ ಬೆಟ್ಟದ ಊರು, ಅಲ್ಲಿ ಮಾರ್ಚ್ ಕಳೆದರೂ ಹಿಮ ಬೀಳುತ್ತದೆ ಎನ್ನುತ್ತಾರೆ. ಕುತ್ತಿಗೆಗೆ ಉಣ್ಣೆ ಸುತ್ತಿಕೋ, ಶೋಕಿಗೆ ಅಲ್ಲ, ಸರಿಯಾಗಿ ಸುತ್ತಿಕೋ. ನಾನು ಚೆನ್ನಾಗಿದ್ದೇನೆ. ಎಡ ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ, ಮಿಕ್ಕದ್ದೆಲ್ಲ ಕೇಳುತ್ತದೆ. ಬಟ್ಟೆ ಅಂಗಡಿ ನಡೆಯುತ್ತಿದೆ. ಎದುರು ಮನೆಯ ಲಾಲಿ ಮೊದಲಿನಂತೆಯೇ ದಿನಕ್ಕೆ ಮೂರು ಸಲ ಸೂಜಿ ಕೊಳ್ಳುವ ನೆಪದಲ್ಲಿ ಬಂದು, ಸೂಜಿ ಕೊಳ್ಳದೆ ಹೋಗುತ್ತಾಳೆ.

ಆರು ವರ್ಷದ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಕ್ಷಮೆ ಕೇಳಲೂ ಬರೆಯುತ್ತಿಲ್ಲ. ಒಂದು ವಿಷಯದಲ್ಲಿ ನನಗೆ ಏನು ಮಾಡಬೇಕೆಂದು ತೋಚುತ್ತಿಲ್ಲ. ನಲವತ್ತೆರಡು ವರ್ಷ ಬಟ್ಟೆ ಅಳೆದು ಕತ್ತರಿಸಿದವಳು ನಾನು, ಯಾರ ಸಲಹೆಗೂ ಕಾದವಳಲ್ಲ ಎಂಬುದು ನಿನಗೆ ಗೊತ್ತು. ಆದರೆ ಇದು ನಿನ್ನ ಕಸುಬಿಗೆ ಸೇರಿದ ಪ್ರಶ್ನೆ. ಸಾಂತಿಯಾಗೊದ ಸಂತನ ಸಮಾಧಿಗೆ ಕಾಲ್ನಡಿಗೆಯ ಯಾತ್ರೆ ಹೊರಟವರು, ನಡೆದದ್ದಕ್ಕೆ ಸಾಕ್ಷಿಯಾಗಿ ಊರೂರಿನಲ್ಲಿ ಠಸ್ಸೆ ಒತ್ತಿಸಿಕೊಳ್ಳುವ ಆ ಮಡಿಕೆ ಪುಸ್ತಕದಲ್ಲಿ, ಅಂದರೆ ಪಾಸ್‌ಪೋರ್ಟಿನಲ್ಲಿ ಎರಡು ಬಗೆ ಇವೆಯಂತೆ, ತೆಳುವಾದದ್ದು ಮತ್ತು ದಪ್ಪನೆಯದು. ದೂರದ ನಡಿಗೆಗೆ ಯಾವುದನ್ನು ತೆಗೆದುಕೊಳ್ಳಬೇಕು? ಹೌದು, ನಾನೇ ನಡೆಯುವವಳು. ಈಸ್ಟರ್ ಕಳೆದ ಮರುವಾರ ನಮ್ಮ ಬಾಗಿಲಿನಿಂದಲೇ ಹೊರಡುತ್ತೇನೆ. ನಗಬೇಡ. ಎಪ್ಪತ್ತೊಂದು ಎಂಬುದು ವಯಸ್ಸೇ ಹೊರತು ಕಾಯಿಲೆಯಲ್ಲ.

ಬಸ್ಸಿನಲ್ಲಿ ಏಕೆ ಬರುವುದಿಲ್ಲ ಎಂದು ನೀನು ಕೇಳಲಾರೆ. ನೀನು ಮೊದಲ ಸಲ ಯಾತ್ರೆಗೆಂದು ಹೋಗಿ, ದಾರಿಯಲ್ಲಿ ಸಿಗುವ ಲುಬಿಯಾನ್‌ನ ಛತ್ರ ನೋಡಿಕೊಂಡು ಅಲ್ಲೇ ಉಳಿಯುತ್ತೇನೆಂದು ಹೇಳಲು ಬಂದ ಆ ಭಾನುವಾರ, ಹೊಸ್ತಿಲಲ್ಲಿ ನಿಂತು ನಾನು ಏನೆಂದೆ ಎಂಬುದು ಬೀದಿಗೆಲ್ಲ ಕೇಳಿಸಿತ್ತು. "ಕಂಡೋರ ಕಾಲಿನ ಬೊಬ್ಬೆ ತೊಳೆಯೋಕೆ ನಿನ್ನ ಹೆತ್ತೆನಾ? ನಡೆಯೋದು ಅಷ್ಟೊಂದು ಇಷ್ಟ ಇದ್ರೆ, ಇನ್ಮೇಲೆ ಈ ಮನೆಗೂ ನಡ್ಕೊಂಡೇ ಬಾ. ಬಸ್ಸಲ್ಲಿ ಬಂದ್ರೆ ಬಾಗಿಲು ತೆಗೆಯಲ್ಲ." ನೀನು ಅಳುವೆಯೆಂದುಕೊಂಡಿದ್ದೆ. ನೀನು ಚೀಲ ಹೆಗಲಿಗೇರಿಸಿ, "ಆಯ್ತಮ್ಮ. ನಿಂಗೂ ನನ್ನ ನೋಡ್ಬೇಕು ಅನ್ಸಿದ್ರೆ ನಡ್ಕೊಂಡೇ ಬಾ" ಎಂದೆ. ನಾನು ಬಾಗಿಲು ಬಡಿದೆ. ಆ ರಭಸಕ್ಕೆ ಬಾಗಿಲು ತಟ್ಟಲು ನಿನ್ನ ಮುತ್ತಜ್ಜ ಹಾಕಿಸಿದ್ದ ಕಬ್ಬಿಣದ ಕೈಯ ಕಿರುಬೆರಳು ಮುರಿದು ಹೊರಗೆ ಬಿತ್ತು. ಟಣ್ ಎಂದ ಸದ್ದು ಒಳಗೆ ನಿಂತ ನನಗೂ ಕೇಳಿಸಿತು. ಮರುದಿನ ಮೆಟ್ಟಿಲು ಗುಡಿಸಿ ಗುಡಿಸಿ ಹುಡುಕಿದೆ, ತುಂಡು ಸಿಗಲಿಲ್ಲ. ಕೈ ಹಾಗೆಯೇ ಇದೆ. "ಕಮ್ಮಾರನ್ನ ಕರ್ಸಿ ಸರಿ ಮಾಡ್ಸಬಾರ್ದಾ, ನೋಡೋಕೆ ಅಸಹ್ಯ" ಎಂದು ಲಾಲಿ ವರ್ಷಕ್ಕೊಮ್ಮೆ ಹೇಳುತ್ತಾಳೆ. ತುಂಡಿಲ್ಲದೆ ಏನನ್ನು ಸರಿ ಮಾಡಿಸಲಿ?

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಏಕೆ ಎದ್ದೆ ಎಂಬುದನ್ನು ಹೇಳಬೇಕು. ಕಳೆದ ನವೆಂಬರಿನಲ್ಲಿ ಹೆಂಡ್ರಿಕಾ ಎಂಬ ಡಚ್ ಹೆಂಗಸು ಅಂಗಡಿಗೆ ಬಂದಳು. ಸಾಂತಿಯಾಗೊ ಮುಟ್ಟಿ, ಹಳೆಯ ಕಾಲದವರ ಹಾಗೆ ಬಂದ ದಾರಿಯಲ್ಲೇ ಸೆವಿಲ್ಲಾಕ್ಕೆ ಹಿಂದಿರುಗಿ ನಡೆಯುತ್ತಿದ್ದಳು. ನನ್ನಷ್ಟೇ ವಯಸ್ಸು, ನನಗಿಂತ ಕೆಟ್ಟ ಟೋಪಿ. "ಸಾಕ್ಸ್. ಉಣ್ಣೆ. ಎರಡು ಜೊತೆ" ಎಂದಳು. ಕೊಟ್ಟೆ. ಆಮೇಲೆ ತನ್ನ ಪಾಸ್‌ಪೋರ್ಟು ಮುಂದೆ ಹಿಡಿದು, ಅಂಗಡಿಯ ಠಸ್ಸೆ ಒತ್ತು ಎಂದು ಸನ್ನೆ ಮಾಡಿದಳು. ಖಾಲಿ ಚೌಕ ಹುಡುಕುತ್ತ ಮಡಿಕೆ ಬಿಚ್ಚುತ್ತ ಹೋದೆ. ಅಲ್ಲಿ, ಚರ್ಚುಗಳ ಗೋಪುರ, ಛತ್ರಗಳ ಕಪ್ಪೆಚಿಪ್ಪುಗಳ ನಡುವೆ, ನಮ್ಮ ಬಾಗಿಲಿನ ಕೈ ಇತ್ತು. ಹಸಿರು ಶಾಯಿಯಲ್ಲಿ. ಮುಂಗೈಯ ಲೇಸು, ಹಿಡಿದ ಗುಂಡು, ಕಿರುಬೆರಳು ಅರ್ಧ. ಕೆಳಗೆ ನಿನ್ನ ಛತ್ರದ ಹೆಸರು, ವಿಳಾಸ.

ಹೆಂಡ್ರಿಕಾ ಅದನ್ನು ಬೆರಳಲ್ಲಿ ತೋರಿಸಿ ತನ್ನ ಹರಕು ಭಾಷೆಯಲ್ಲಿ, "ಇಲ್ಲಿ ಹೆಂಗಸು ಗಟ್ಟಿ. ನಗಲ್ಲ. ಸೂಪು ತುಂಬಾ ಒಳ್ಳೇದು. ಮೂಗು ನಿನ್ನ ಥರ" ಎಂದಳು. ನಾನು ಯಾರೆಂದು ಹೇಳಲಿಲ್ಲ. ಮೂರನೆಯ ಜೊತೆ ಸಾಕ್ಸನ್ನು ಸುಮ್ಮನೆ ಅವಳ ಚೀಲಕ್ಕೆ ತುರುಕಿ ಕಳುಹಿಸಿದೆ. ಅಂದಿನಿಂದ ನನಗೆ ಅರ್ಥವಾಗದ್ದು ಇದು: ಆ ಕೈಯನ್ನು ನೀನು ಕೆತ್ತಿದ್ದು ಸಿಟ್ಟಿನಿಂದಲೋ, ಅಲ್ಲವೋ? ನಮ್ಮಮ್ಮ ಹೀಗೆ ಬಾಗಿಲು ಬಡಿದಳು ಎಂದು ದಾರಿಹೋಕರಿಗೆಲ್ಲ ಸಾರುತ್ತಿದ್ದೀಯೋ? ಸಿಟ್ಟಿದ್ದವಳು ಲೇಸಿನ ಒಂದೊಂದು ಎಳೆಯನ್ನೂ ಅಷ್ಟು ಜೋಪಾನವಾಗಿ ಏಕೆ ಕೆತ್ತುತ್ತಾಳೆ? ಒಂದು ದಿನ ಹೀಗೆನಿಸುತ್ತದೆ, ಒಂದು ದಿನ ಹಾಗೆ. ಬೆರಳು ಮುರಿದದ್ದು ನಿನಗೆ ತಿಳಿದಿದೆಯೆಂದರೆ, ಬಾಗಿಲು ಮುಚ್ಚಿದ ಮೇಲೂ ನೀನು ಆಚೆ ನಿಂತಿದ್ದೆ ಎಂದಾಯಿತು. ಅದು ನನಗೆ ಗೊತ್ತಿರಲಿಲ್ಲ.

ಇರಲಿ, ಪುಸ್ತಕದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಪಾಸ್‌ಪೋರ್ಟು ಕೊಡುವವನು ಫ್ಲೊರೆನ್ಸಿಯೊ, ನಮ್ಮ ಹಳೆಯ ಪೋಸ್ಟ್‌ಮನ್. ನಿವೃತ್ತನಾದ ಮೇಲೆ ಇಗರ್ಜಿಯ ಪಕ್ಕದ ಕೋಣೆಯಲ್ಲಿ ಯಾತ್ರಿಕರಿಗೆ ಠಸ್ಸೆ ಒತ್ತುತ್ತ ಕೂತಿರುತ್ತಾನೆ. ಇವತ್ತಿಗೂ ಪಾರ್ಸೆಲ್ಲಿಗೆ ಹೊಡೆದ ಹಾಗೆಯೇ ಹೊಡೆಯುತ್ತಾನೆ, ಮೇಜು ನಡುಗುತ್ತದೆ. ಎರಡೂ ಪುಸ್ತಕಗಳನ್ನು ನನ್ನ ಮುಂದೆ ಹಾಸಿ, "ದಿನಕ್ಕೆಷ್ಟು ನಡೀತೀರಾ, ದೊನ್ಯಾ ಕಾಸಿಲ್ದಾ?" ಎಂದ. ಹದಿನೇಳು ಕಿಲೋಮೀಟರ್ ಎಂದೆ. ಅವನು ನನ್ನ ಮೊಣಕಾಲು ನೋಡಿದ. ನಾನು ಅವನ ಹೊಟ್ಟೆ ನೋಡಿದೆ. ರಾತ್ರಿ ತಂಗಿದ ಊರಿಗೊಂದು ಠಸ್ಸೆ ಸಾಕಂತೆ, ಆದರೆ ಕೊನೆಯ ನೂರು ಕಿಲೋಮೀಟರಿನಲ್ಲಿ ದಿನಕ್ಕೆ ಎರಡು ಬೇಕಂತೆ. ಮೊದಲಿಗೆ ಒಂದು, ಕೊನೆಗೆ ಎರಡು, ಇದೇನು ನ್ಯಾಯ? ಏಳು ನೂರು ಕಿಲೋಮೀಟರ್ ನಂಬಿದವರು ಬಾಗಿಲ ಹತ್ತಿರ ಬಂದ ಮೇಲೆ ಏಕೆ ಅನುಮಾನಿಸುತ್ತಾರೆ? "ಅಲ್ಲಿಗೆ ಬಂದ್ಮೇಲೇ ಜನ ಟ್ಯಾಕ್ಸಿ ಹತ್ತೋದು" ಎಂದ ಫ್ಲೊರೆನ್ಸಿಯೊ.

ಮನೆಗೆ ಬಂದು ದಾರಿಯ ಊರುಗಳನ್ನೆಲ್ಲ ಬರೆದೆ. ಊಟದ ಮೇಜಿನ ಮೇಲೆ ಊರಿಗೊಂದರಂತೆ, ಕೊನೆಯ ನೂರು ಕಿಲೋಮೀಟರಿನಲ್ಲಿ ಎರಡರಂತೆ ಕಡಲೆಕಾಳು ಇಟ್ಟೆ. ಸಾಂತಿಯಾಗೊವರೆಗೆ ಐವತ್ತೇಳು ಕಾಳು. ತೆಳು ಪುಸ್ತಕ ಅಷ್ಟಕ್ಕೆ ಸಾಲುವುದಿಲ್ಲ, ದಾರಿಯಲ್ಲೇ ಮುಗಿಯುತ್ತದೆ. ದಪ್ಪನೆಯದರಲ್ಲಿ ಎಂಬತ್ತು ಚೌಕ, ಇಪ್ಪತ್ತಮೂರು ಖಾಲಿ ಉಳಿಯುತ್ತವೆ. ತೋಳು ಉದ್ದವಾದ ಅಂಗಿಯ ಹಾಗೆ, ಅದು ಯಾರದೋ ಪುಸ್ತಕವೆನಿಸುತ್ತದೆ. ಲಾಲಿ ಸೂಜಿಗೆಂದು ಬಂದವಳು ಕಾಳು ನೋಡಿ, "ಇದೇನು ಕಾಸಿಲ್ದಾ, ನೆನೆಹಾಕೋ ಬದ್ಲು ಸಾಲಾಗಿ ಜೋಡ್ಸಿದ್ದೀಯ? ದಪ್ಪಂದು ತಗೋ ಮಾರಾಯ್ತಿ. ಖಾಲಿ ಉಳಿದ್ರೆ ಸಿಕ್ಕಸಿಕ್ಕ ಕಾಫಿ ಅಂಗಡೀಲೆಲ್ಲ ಒತ್ತಿಸ್ಕೊ" ಎಂದಳು. ಕಾಫಿ ಅಂಗಡಿಯ ಠಸ್ಸೆಯೂ ನಡೆಯುತ್ತದಂತೆ, ಔಷಧಿ ಅಂಗಡಿಯದೂ. ಹಾಗಾದರೆ ದೇವರ ಕಣ್ಣಿಗೆ ಇಗರ್ಜಿಯೂ ಔಷಧಿ ಅಂಗಡಿಯೂ ಒಂದೆಯೇ? ನಿನಗೆ ಗೊತ್ತಿರಬಹುದು, ನನಗೆ ತಲೆ ಕೆಟ್ಟುಹೋಗಿದೆ.

ಇನ್ನೊಂದು ತೊಡಕು. ದಪ್ಪ ಪುಸ್ತಕ ಜೇಬಿಗೆ ಹಿಡಿಯಲೆಂದು ಅದನ್ನು ಅಡ್ಡಕ್ಕೆ ಇನ್ನೊಂದು ಸಲ ಮಡಿಸಿದ್ದಾರೆ. ಆ ಮಡಿಕೆ ಒಂದು ಸಾಲಿನ ಚೌಕಗಳ ನಡುಮಧ್ಯೆ ಹಾದುಹೋಗುತ್ತದೆ. ಎಣಿಸಿ ನೋಡಿದರೆ ನಿನ್ನ ಊರು ಸರಿಯಾಗಿ ಅದೇ ಸಾಲಿನಲ್ಲಿ ಬರುತ್ತದೆ. ಮಡಿಕೆಯ ಮೇಲೆ ಬಿದ್ದ ಗುರುತು ಉಳಿಯುವುದಿಲ್ಲ, ಬಟ್ಟೆಯಲ್ಲಾದರೂ ಅಷ್ಟೆ, ಕಾಗದದಲ್ಲಾದರೂ ಅಷ್ಟೆ. ಬೆವರು, ಮಳೆ ತಾಗಿ ಆ ಕೈ ನಡುವೆ ಸೀಳಿಹೋಗುತ್ತದೆ. ಒಂದು ಬೆರಳು ಹೋದದ್ದು ಸಾಲದೇ? ಇದಕ್ಕೊಂದು ಉಪಾಯ ಮಾಡಿದೆ. ಎರಡು ತೆಳು ಪುಸ್ತಕ ತಂದು, ತುದಿಗೆ ತುದಿ ಸೇರಿಸಿ ಹೊಲಿಗೆ ಯಂತ್ರದಲ್ಲಿ ಚೆಂದಾಗಿ ಹೊಲಿದೆ. ಫ್ಲೊರೆನ್ಸಿಯೊ ನೋಡಿ ಎದೆ ಹಿಡಿದುಕೊಂಡ. "ಅಮ್ಮಾ ತಾಯಿ, ಇದೇನು ಪರದೆನಾ, ಉದ್ದ ಸಾಲ್ಲಿಲ್ಲ ಅಂತ ಜೋಡ್ಸೋಕೆ? ಸೂಜಿ ತೂತು ಬಿದ್ದಿರೋ ಪಾಸ್‌ಪೋರ್ಟಿಗೆ ನಾನು ಹೇಗೆ ಠಸ್ಸೆ ಹೊಡೀಲಿ?" ಹೊಲಿಗೆ ನೇರವಾಗಿದೆಯೇ ಇಲ್ಲವೇ ಅದನ್ನು ಹೇಳು ಎಂದೆ. ನೇರವಾಗಿದೆ ಎಂದು ಒಪ್ಪಿಕೊಂಡ, ಪುಸ್ತಕ ಒಪ್ಪಲಿಲ್ಲ. ಒಂದು ಮುಗಿದರೆ ದಾರಿಯಲ್ಲಿ ಇನ್ನೊಂದು ಸಿಗುತ್ತದೆ, ಛತ್ರದವರೂ ಕೊಡುತ್ತಾರೆ ಎಂದ. ಇದನ್ನು ಮೊದಲೇ ಹೇಳಬಾರದಿತ್ತೇ?

ಹೀಗೆ ಮೂರು ವಾರದಿಂದ ಒಂದು ದಿನ ದಪ್ಪನೆಯದು ಸರಿ ಎನಿಸುತ್ತದೆ, ಒಂದು ದಿನ ತೆಳುವಾದದ್ದು. ಮದುವೆಯ ಬಿಳಿ ರೇಷ್ಮೆ ಆರಿಸುವಾಗಲೂ ನಾನು ಇಷ್ಟು ಹೊತ್ತು ನಿಂತವಳಲ್ಲ. ದಿನಾ ಬೆಳಿಗ್ಗೆ ಪಕ್ಕದೂರು ಲೊಸ್ ಸಾಂತೋಸ್‌ವರೆಗೆ ನಡೆದು ಬರುತ್ತೇನೆ. ಹೋಗುವಾಗ ನಿನಗೆ ಹೇಳಬೇಕಾದ ಮಾತುಗಳೆಲ್ಲ ಸಾಲಾಗಿ ಬರುತ್ತವೆ, ನಾನು ಮಾಡಿದ್ದೇ ಸರಿ ಎಂಬುದಕ್ಕೆ ಏಳೆಂಟು ಕಾರಣಗಳು ಸಿಗುತ್ತವೆ. ಹಿಂದಿರುಗುವಾಗ ಮೊಣಕಾಲು ನೋಯತೊಡಗುತ್ತದೆ, ಕಾರಣಗಳು ಒಂದೊಂದಾಗಿ ಉದುರುತ್ತವೆ. ಮನೆ ಮುಟ್ಟುವ ಹೊತ್ತಿಗೆ ಒಂದೂ ಉಳಿದಿರುವುದಿಲ್ಲ. ಲುಬಿಯಾನ್ ಆರು ನೂರು ಕಿಲೋಮೀಟರ್. ಅಲ್ಲಿಗೆ ಬರುವಷ್ಟರಲ್ಲಿ ನನ್ನ ಬಾಯಲ್ಲಿ ಏನು ಉಳಿದಿರುತ್ತದೋ ನನಗೇ ತಿಳಿಯದು. ಮೊನ್ನೆ ಹಿಮ್ಮಡಿಗೆ ಬೊಬ್ಬೆ ಬಂತು. ಬಿಸಿನೀರಿನಲ್ಲಿ ಕಾಲಿಟ್ಟು ಕೂತಾಗ, ಇದನ್ನು ಬೇರೆಯವರು ತೊಳೆದುಕೊಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು. ಇದನ್ನು ಬರೆಯಬಾರದೆಂದಿದ್ದೆ. ಬರೆದಾಗಿದೆ, ಹೊಡೆದುಹಾಕಿದರೆ ಕಾಗದ ಕೊಳಕಾಗುತ್ತದೆ.

ನಿನ್ನ ಛತ್ರದಲ್ಲಿ ಇಳಿದುಕೊಳ್ಳುವವರೆಲ್ಲರಿಗೂ ನನ್ನ ನಮಸ್ಕಾರ ತಿಳಿಸು. ಗ್ವಾದಲೂಪೆಯ ದೇವಮಾತೆ ನಿನ್ನ ಎದೆಯನ್ನು ಬೆಚ್ಚಗಿಡಲಿ, ಕೆಮ್ಮು ಹತ್ತಿರ ಸುಳಿಯದಿರಲಿ. ಸೂಪಿಗೆ ಉಪ್ಪು ಕಡಿಮೆ ಹಾಕು, ನಿನ್ನ ಕೈ ಯಾವಾಗಲೂ ಜಾಸ್ತಿ.

ನಿನ್ನ ತಾಯಿ,
ಕಾಸಿಲ್ದಾ

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಇಗರ್ಜಿಗೆ ಹೋಗಿ ಬಂದೆ. ತೆಳು ಪುಸ್ತಕವನ್ನೇ ತೆಗೆದುಕೊಂಡೆ. ಅದರಲ್ಲಿ ಮೂವತ್ತಾರು ಚೌಕ. ಹೊರಡುವ ಠಸ್ಸೆ ಇಲ್ಲಿನದು ಒಂದು, ಆಮೇಲೆ ಮೂವತ್ತೈದು ರಾತ್ರಿ. ಮೂವತ್ತೈದನೆಯ ರಾತ್ರಿ ಲುಬಿಯಾನ್. ಪುಸ್ತಕ ನಿನ್ನ ಬಾಗಿಲಿಗೆ ಮುಗಿಯುತ್ತದೆ, ಆ ಚೌಕದ ಮೇಲೆ ಮಡಿಕೆಯಿಲ್ಲ. ಅದರಾಚೆ ಹೋಗಲು ಹೊಸ ಪುಸ್ತಕ ನೀನೇ ಕೊಡಬೇಕು. ಕೊಟ್ಟರೆ ಸಾಂತಿಯಾಗೊಗೆ ನಡೆಯುತ್ತೇನೆ, ಕೊಡದಿದ್ದರೆ ಅಲ್ಲಿಂದ ಬಸ್ಸಿದೆ ಎಂದು ಫ್ಲೊರೆನ್ಸಿಯೊ ಹೇಳಿದ್ದಾನೆ. ಠಸ್ಸೆಗೆ ಶಾಯಿ ಸರಿಯಾಗಿ ಹಚ್ಚಿರು, ಮುರಿದ ಬೆರಳು ಸ್ಪಷ್ಟವಾಗಿ ಮೂಡಬೇಕು. ಆ ತುಂಡು ನಿನ್ನ ಬಳಿ ಇದ್ದರೆ ಅಂಚೆಯಲ್ಲಿ ಕಳಿಸಬೇಡ.